ದತ್ತು ಕದ್ದೊಯ್ದ ಕಲ್ಲುಗಳು

ಕಳ್ಳನ ಕಣ್ಣು ಅಷ್ಟು ಚೆನ್ನಾಗಿರಬಾರದಿತ್ತು. ನನ್ನ ಕಷ್ಟಕ್ಕೆಲ್ಲ ಅದೇ ಕಾರಣ.

ಕೆ.ಆರ್. ಪುರದ ನಮ್ಮ ಲ್ಯಾಬಿಗೆ ಗಣಿಯವರು ಬಿಸಾಡಿದ ಕಲ್ಲುಗಳು ಬರುತ್ತವೆ. ಗಾಳಿ, ಮಳೆ ತಾಗಿದರೆ ಕೆಲವು ಕಲ್ಲು ಹುಳಿ, ಅಂದರೆ ಆಸಿಡ್ ಬಿಡುತ್ತವೆ; ಆ ನೀರು ಕೆರೆಗಿಳಿದರೆ ಮೀನೂ ಉಳಿಯುವುದಿಲ್ಲ. ಯಾವ ಕಲ್ಲು ಅಂಥದ್ದು ಎಂದು ಹೇಳುವುದು ನನ್ನ ಕೆಲಸ. ಕಲ್ಲನ್ನು ಮಿಷನ್ನಿಗೆ ಹಾಕಿ ಪುಡಿ ಮಾಡುವುದು ದತ್ತುವಿನ ಕೆಲಸ. ಕಲಬುರಗಿ ಕಡೆಯವನು, ಮರ್ಫಿ ಟೌನಿನಲ್ಲಿ ಬಾಡಿಗೆ ರೂಮು. ನಾನು ಕಲ್ಲಿನ ನಂಬರ್ ಬರೆದ ಸ್ಲಿಪ್ ಕೊಡುವಾಗ ಒಂದು ಕ್ಷಣ ಹೆಚ್ಚೇ ನೋಡುತ್ತಾನೆ. ನಾನೂ ಆ ಸ್ಲಿಪ್ಪನ್ನು ಒಂದು ಕ್ಷಣ ತಡವಾಗಿಯೇ ಬಿಡುತ್ತೇನೆ, ಸುಳ್ಳೇಕೆ ಹೇಳಲಿ?

ಈ ಸಲ ಒಂದು ಗಣಿಯ ಇಪ್ಪತ್ತು ಕಲ್ಲೂ ‘ಅಪಾಯವಿಲ್ಲ’ ಎಂದು ಬಂದವು. ಹೋದ ವರ್ಷ ಅದೇ ಗುಡ್ಡೆಯ ಕಲ್ಲುಗಳು ಹುಳಿ ಕಕ್ಕಿದ್ದವು. ಸುಣ್ಣದಂಥದ್ದು ಏನಾದರೂ ಬೆರೆತರೆ ಹೀಗಾಗುತ್ತದೆ. ದತ್ತುವಿನ ಬೆರಳ ತುಂಬ ಬಿಳಿ ಪುಡಿ.

“ಏನ್ರೀ ಇದು ಕೈಯಲ್ಲಿ?”

“ಮಿಷನ್ ಧೂಳ್ರಿ, ದಿವ್ಯ ಮೇಡಂ.” ನಕ್ಕ. “ನನ್ನ ಕೈ ಯಾಕ ನೋಡಾಕತ್ತೀರಿ?”

ನನಗೆ ನಗು ಬರಲಿಲ್ಲ. ಶುಕ್ರವಾರ ಅವನು ಉಳಿದ ಕಲ್ಲುಗಳನ್ನು ಊಟದ ಚೀಲಕ್ಕೆ ತುರುಕುವುದನ್ನೂ ಕಂಡೆ. ಅಯ್ಯೋ ಶಿವನೇ, ಗಣಿಯವರು ಇವನನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ! ಸೋಮವಾರ ರಿಪೋರ್ಟಿಗೆ ನಾನು ಸಹಿ ಹಾಕಬೇಕು. ಲ್ಯಾಬಿನ ಯಜಮಾನರಾದ ಸುಗತ ಸರ್‌ಗೆ ಹೇಳಿದರೆ ಇವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಯಾವುದೋ ಊರಿನ ಕೆರೆ ಹೋಗುತ್ತದೆ. ಇಂಥವನ ಮೇಲೆ ಮನಸ್ಸಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಶನಿವಾರ ಬೆಳಿಗ್ಗೆ ಸ್ಕೂಟಿಯನ್ನು ಮರ್ಫಿ ಟೌನಿಗೇ ತಿರುಗಿಸಿದೆ. ಅವನ ಮನೆ ಓನರ್ ಬದ್ರುನ್ನೀಸಾ ಆಂಟಿ ಬಾಗಿಲಲ್ಲೇ ಸಿಕ್ಕರು. “ಮೇಲಿದ್ದಾನೆ ನೋಡಮ್ಮ. ಬೆಳಿಗ್ಗೆಯಿಂದ ಕುಟ್ಟಿ ಕುಟ್ಟಿ ನನ್ನ ತಲೆ ತಿಂದ್ಬಿಟ್ಟ.”

ತಾರಸಿಯ ಮೇಲೆ ದತ್ತು ಕಬ್ಬಿಣದ ಕುಟ್ಟಾಣಿಯಲ್ಲಿ ಕಲ್ಲು ಕುಟ್ಟುತ್ತಿದ್ದ. ನನ್ನನ್ನು ಕಂಡವನೇ ಚೀಲ ಹಿಂದಕ್ಕೆ ಸರಿಸಿದ.

“ಸಿಕ್ಕಿಬಿದ್ರಲ್ಲ! ಗಣಿಯವರು ಎಷ್ಟು ಕೊಟ್ರು?”

“ಅದನ್ನ ನಾ ನಿಮಗ ಕೇಳಬೇಕಂತ ಮಾಡಿದ್ದೆ.”

ಕೆನ್ನೆಗೆ ಬಾರಿಸಿದಂತಾಯಿತು. “ನನ್ನನ್ನಾ?”

“ಹುಳಿ ಕಲ್ಲಿಗೆ ಅಪಾಯ ಇಲ್ಲ ಅಂತ ಬರದೋರು ನೀವ ಅಲ್ಲೇನ್ರಿ?”

ಕುಟ್ಟಿದ ಪುಡಿಗೆ ನೀರು ಕಲಸಿ ನೀಲಿ ಲಿಟ್ಮಸ್ ಕಾಗದ ಇಟ್ಟ. ಕೆಂಪಾಯಿತು. ಅದೇ ಕಲ್ಲನ್ನು ಮಿಷನ್ನಿನಲ್ಲಿ ಅರೆದ ಪುಡಿಗೂ ಇಟ್ಟ. ಕಾಗದ ನೀಲಿಯಾಗಿಯೇ ಉಳಿಯಿತು.

“ಹಾಗಾದ್ರೆ ತಪ್ಪು ಮಿಷನ್‌ದು. ಅದಕ್ಕೆ ಏನ್ ಹಾಕ್ತೀರಾ?”

“ಒಂದು ಕಲ್ಲು ಆದ ಮ್ಯಾಲೆ ಬಿಳಿ ಕಲ್ಲು ಅರದು ತೊಳೀತೀನ್ರಿ. ನೀವ ತಂದ ಚೀಲದ್ದು.” ಜೇಬಿನಿಂದ ಒಂದು ಚೂರು ತೆಗೆದ.

ನಾನು ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಮಿಷನ್ ತೊಳೆಯಲು ಬೇಕಾದದ್ದು ಬೆಣಚುಕಲ್ಲು; ಅದು ಪರೀಕ್ಷೆಯನ್ನು ಕೆಡಿಸುವುದಿಲ್ಲ. ಕಳೆದ ತಿಂಗಳು ಅದು ಮುಗಿದಾಗ, ಶಿವಾಜಿನಗರದ ಟೈಲ್ಸ್ ಅಂಗಡಿಯಿಂದ ಇದೂ ಅದೇ ಎಂದುಕೊಂಡು ಬಿಳಿ ಚೂರಿನ ಚೀಲ ಹೊತ್ತು ತಂದವಳು ನಾನೇ. ಆಂಟಿಯ ಬಚ್ಚಲು ತೊಳೆಯುವ ಆಸಿಡ್ ಇಸಿದುಕೊಂಡು ಬಂದು ಆ ಚೂರಿನ ಮೇಲೆ ಒಂದು ಹನಿ ಬಿಟ್ಟೆ. ಚುರ್ರೆಂದು ನೊರೆಯುಕ್ಕಿತು. ಅಮೃತಶಿಲೆ, ಸುಣ್ಣದ್ದೇ ಜಾತಿ! ಅದರ ಪುಡಿಯೇ ಪ್ರತಿ ಕಲ್ಲಿನ ಹುಳಿಯನ್ನೂ ನುಂಗಿಹಾಕಿತ್ತು.

“ನಿಮ್ಮನ್ನ ಕಳ್ಳ ಅಂದ್ಕೊಂಡ್ಬಿಟ್ಟಿದ್ದೆ,” ಎಂದೆ.

“ನಾನೂ ನಿಮ್ಮನ್ನ ಹಂಗ ತಿಳ್ಕೊಂಡಿದ್ದೆ.”

“ಮತ್ತೆ ಸರ್‌ಗೆ ಯಾಕೆ ಹೇಳ್ಲಿಲ್ಲ?”

ಅವನು ಕುಟ್ಟಾಣಿಯನ್ನೇ ನೋಡುತ್ತ ಹೇಳಿದ: “ನಿಮ್ಮನ್ನ ಕೆಲಸದಿಂದ ತೆಗದ್ರ ನಾ ದಿನಾ ಯಾರ ಮುಖ ನೋಡ್ಲಿ? ಮೊದಲ ಖಾತ್ರಿ ಮಾಡ್ಕೋಬೇಕನಿಸ್ತು. ನೀವ್ಯಾಕ ಹೇಳಲಿಲ್ಲ?”

“ನಂಗೂ ಅದೇ ರೋಗ ಕಣ್ರೀ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ನಾನು ಫೋನ್ ತೆಗೆದು ಸುಗತ ಸರ್‌ಗೆ ಮೇಲ್ ಬರೆಯತೊಡಗಿದೆ: ರಿಪೋರ್ಟ್ ತಪ್ಪು, ಆ ಬಿಳಿ ಕಲ್ಲು ತಂದವಳು ನಾನು.

“ಅದನ್ನ ಮಿಷನ್ನಿಗೆ ಹಾಕಿದವ ನಾನು. ನನ್ನ ಹೆಸರೂ ಬರೀರಿ,” ಎಂದು ದತ್ತು ಪಕ್ಕದಲ್ಲಿ ಬಂದು ಕುಳಿತ. ಕೆಳಗೆ ದಿವ್ಯ, ದತ್ತು ಎಂದು ಎರಡೂ ಹೆಸರು ಹಾಕಿದೆ.

“ಇಬ್ಬರನ್ನೂ ಹೊರಗೆ ಹಾಕ್ಬಿಟ್ರೆ?”

“ಇಬ್ಬರನ್ನೂ ಅಂದ್ರಲ್ರಿ, ಅಷ್ಟ ಸಾಕು.”

ನಾನು ಮೇಲ್ ಕಳಿಸಿದೆ.