ಕತ್ತಲೆ ಗಾಡಿಯ ಕೊನೆಯ ಕೂಗು

"ಈ ಬಾಗಿಲಿಗೆ ಬರುವ ಧೈರ್ಯ ನಿಮಗೆ ಹೇಗೆ ಬಂತು?"

ಏಳು ವರ್ಷ ಎದೆಯಲ್ಲಿ ಕುದಿಸಿಟ್ಟ ಮಾತು. ಆದರೆ ಹೊರಬಂದಾಗ ಅದರಲ್ಲಿ ಕಾವಿರಲಿಲ್ಲ. ಜಲಜಾಕ್ಷಿಗೇ ತನ್ನ ಸ್ವರ ಪರಕೀಯವೆನಿಸಿತು.

ಎದುರಿಗೆ ನಿಂತಿದ್ದವನು ಚಿತ್ತರಂಜನ. ಕಿವಿಯ ಬಳಿ ನರೆ ಇಣುಕಿತ್ತು. ಉಳ್ಳಾಲದಲ್ಲಿ ದೋಣಿ ರಿಪೇರಿ ಮಾಡುತ್ತಾನೆಂದು ಯಾರೋ ಹೇಳಿದ್ದು ನಿಜವಿರಬೇಕು. ಬೆರಳ ಸಂದಿಗಳಲ್ಲಿ ಎಣ್ಣೆಯ ಕಪ್ಪು ಕುಳಿತಿತ್ತು.

"ಕಜೆಟನ್ ಪೊರ್ಬುಗಳು ಕಾರ್ಡು ಹಾಕಿದ್ದರು," ಎಂದ ಅವನು ನೆಲ ನೋಡುತ್ತ. "ನೀವು ಬರ್ತೀರಿ ಅಂತ ಬರೆದಿರಲಿಲ್ಲ."

"ಬರೆದಿದ್ದರೆ ಬರ್ತಿರಲಿಲ್ಲ ಅಲ್ಲವಾ?"

ಅವನು ಬೆರಳ ಸಂದಿಯ ಕಪ್ಪನ್ನು ಉಜ್ಜತೊಡಗಿದ.

ಉತ್ತರಿಸುವುದಿಲ್ಲ... ಅಂದೂ ಹೀಗೆಯೇ. ಆದರೆ ಇಂದು ಬಿಡುವುದಿಲ್ಲ! ನಾಲ್ಕು ಜನರ ಮುಂದೆ ಒಂದೇ ಒಂದು ಮಾತು ಇವನ ಬಾಯಿಂದ ಹೊರಡಿಸಿಯೇ ಹೋಗಬೇಕೆಂದು ಅವಳು ಬಂದಿದ್ದಳು. ನಾನು ಕೂಗಿದ್ದು ನಿಮಗೆ ಕೇಳಿಸಿತ್ತೋ, ಇಲ್ಲವೋ?

ಅದು ೧೯೬೬ರ ಮಾರ್ಚ್ ತಿಂಗಳ ಒಂದು ಭಾನುವಾರ. ಕೂಳೂರಿನ ಹೊಳೆದಂಡೆಯಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಉದ್ದನೆಯ ಶೆಡ್ಡು ಮರುದಿನ ನೆಲಸಮವಾಗುವುದರಲ್ಲಿತ್ತು. ಹಿಂದೆ ಹಸಿ ಹಂಚುಗಳನ್ನು ಸಾಗಿಸಲು ಅದರೊಳಗೆ ಹಳಿಗಳನ್ನು ಹಾಕಿದ್ದರು. ಕಾರ್ಖಾನೆ ನಿಂತ ಮೇಲೆ, ಊರವರು ಗೌರವದಿಂದ ಪೊರ್ಬುಗಳೆನ್ನುತ್ತಿದ್ದ ಕಜೆಟನ್ ಸೋಜರು ಆ ಜಾಗವನ್ನು ಹಿಡಿದು, ಹಂಚಿನ ಟ್ರಾಲಿಗೆ ಬೆಂಚು ಕೂರಿಸಿ, ಕಿಟಕಿಗಳಿಗೆ ತಗಡು ಬಡಿದು, ಒಳಗೆ ಕಾಗದದ ರಾಕ್ಷಸರನ್ನೂ ತೆಂಗಿನ ಚಿಪ್ಪಿನ ಅಸ್ಥಿಪಂಜರಗಳನ್ನೂ ನಿಲ್ಲಿಸಿದರು. ಮೇಲಿನ ಬಾಗಿಲಲ್ಲಿ ಒಬ್ಬ ತಳ್ಳಿದರೆ ಸಾಕು, ಗಾಡಿಯು ಇಳಿಜಾರಿನಲ್ಲಿ ತಾನೇ ಉರುಳಿ ಕೆಳಗಿನ ಬಾಗಿಲಿಂದ ಹೊರಬರುತ್ತಿತ್ತು.

ಮೊದಲು ಅವರು ಅದಕ್ಕೆ 'ಭೂತದ ಗಾಡಿ' ಎಂದು ಬೋರ್ಡು ಬರೆಸಿದ್ದರು. "ನಾವು ಕೈಮುಗಿಯುವ ಭೂತಗಳು ನಿಮ್ಮ ಟಿಕೆಟ್ಟಿಗೆ ಕುಣಿಯುವುದಾ ಪೊರ್ಬುಗಳೇ?" ಎಂದು ಊರವರು ಗದರಿದ ಮರುದಿನವೇ ಬೋರ್ಡು 'ಕತ್ತಲೆ ಗಾಡಿ'ಯಾಯಿತು. ನಾಲ್ಕು ವರ್ಷ ಮಂಗಳೂರಿನ ಮಂದಿ ಅದರಲ್ಲಿ ಹೆದರಿ ಕಿರುಚಿ ನಕ್ಕಿದ್ದರು. ಐದನೆಯ ವರ್ಷ ಅದು ಮುಚ್ಚಿತು.

ಇಂದು ಆ ಗಾಡಿಯನ್ನು ಪ್ರೀತಿಸಿದ್ದ ಇಪ್ಪತ್ತು ಮಂದಿ ಕೊನೆಯ ಸಲ ಸೇರಿದ್ದರು.

"ಆ ಒದ್ದೆ ನೂಲು ಉಂಟಲ್ಲ ಮಾರಾಯ್ರೇ, ಕತ್ತಲಲ್ಲಿ ಮುಖಕ್ಕೆ ತಾಗುವಾಗ... ನನ್ನ ಜೀವವೇ ಹೋಗಿತ್ತು!" ಎಂದರು ಬಂದರಿನ ಜವಳಿ ವ್ಯಾಪಾರಿ ಅಹ್ಮದ್ ಬಾವ.

"ನಿಮ್ಮ ಜೀವ ಎಲ್ಲಿ ಹೋದದ್ದು ಬಾವಾ? ನಿಮ್ಮ ಬೊಬ್ಬೆಗೆ ಆ ರಾಕ್ಷಸನ ಮೀಸೆ ಉದುರಿತ್ತು!" ಎಂದಳು ಬೀಫಾತಿಮ್ಮ. ಹನ್ನೊಂದು ಸಲ ಗಾಡಿ ಹತ್ತಿದ ಹೆಂಗಸು ಊರಲ್ಲಿ ಅವಳೊಬ್ಬಳೇ.

ಎಲ್ಲರೂ ನಕ್ಕರು. ಜಲಜಾಕ್ಷಿಗೆ ನಗು ಬರಲಿಲ್ಲ. ಅವಳ ಕಣ್ಣು ಮೇಲಿನ ಬಾಗಿಲಿನ ಮೇಲಿತ್ತು.

ಅಲ್ಲಿಯೇ ಅವನನ್ನು ಮೊದಲು ಕಂಡದ್ದು. ಗಾಡಿಯ ಹಿಂದೆ ನಿಂತು ಅವನು ಗಂಭೀರವಾಗಿ ಹೇಳಿದ್ದ: "ಕಣ್ಣು ಮುಚ್ಚಬಾರದು. ಮುಚ್ಚಿದವರಿಗೆ ಎರಡನೇ ಸಲ ಟಿಕೆಟ್ ಇಲ್ಲ."

"ಮುಚ್ಚಿದ್ದು ನಿಮಗೆ ಹೇಗೆ ಗೊತ್ತಾಗ್ತದೆ?"

"ಕಿರುಚುವ ಸ್ವರದಲ್ಲಿ ಗೊತ್ತಾಗ್ತದೆ. ನಿಮ್ಮ ಸ್ವರ ಇನ್ನು ಮರೆಯುವುದಿಲ್ಲ."

ನಿಮ್ಮ ಸ್ವರ ಇನ್ನು ಮರೆಯುವುದಿಲ್ಲ! ಆ ಒಂದು ಮಾತಿಗೆ ಮರುಳಾಗಿ ಅವಳು ಅಲ್ಲೇ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದಳು. ಅಣ್ಣ ಮಹಾಬಲ ಒಳಗೆ ದೀಪ ನೋಡಿಕೊಳ್ಳುತ್ತಿದ್ದುದರಿಂದ ಮನೆಯವರು ತಡೆಯಲಿಲ್ಲ. ಮಳೆಗಾಲ ಕಳೆದ ಮೇಲೆ ಚಿತ್ತರಂಜನನೊಂದಿಗೆ ನಿಶ್ಚಿತಾರ್ಥವೆಂದು ಅಣ್ಣನೇ ಅವರನ್ನು ಒಪ್ಪಿಸಿದ್ದ.

ಗಾಡಿಗೆ ಒಂದು ಕ್ರಮವಿತ್ತು. ಕೆಲಸದವರಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲ ಮಾತಿನವರೂ ಇದ್ದುದರಿಂದ ಗಾಡಿಯ ಕೂಗು ಕನ್ನಡದಲ್ಲೇ ಇರಬೇಕೆಂದು ಕಜೆಟನ್‌ರ ಕಟ್ಟಪ್ಪಣೆ. ತಳ್ಳುವ ಮೊದಲು ಚಿತ್ತರಂಜನ "ದಾರಿ ಉಂಟಾ?" ಎಂದು ಕೇಳಬೇಕು. ಕತ್ತಲೊಳಗಿಂದ ಮಹಾಬಲ "ಉಂಟು" ಅಥವಾ "ಇಲ್ಲ" ಎನ್ನಬೇಕು. ಮೂರನೆಯ ಮಾತಿಲ್ಲ.

೧೯೫೯ರ ಆ ಸಂಜೆ ರಾಕ್ಷಸನ ತಲೆ ಕಳಚಿ ಹಳಿಯ ಮೇಲೆ ಬಿದ್ದಿತ್ತು. ಮಹಾಬಲ ಬಾಯಲ್ಲಿ ತಂತಿ ಕಚ್ಚಿಕೊಂಡು ಕೊನೆಯ ತಿರುವಿನಲ್ಲಿ ಬಗ್ಗಿದ್ದ. ಅವನಿಗೆ ಚಾ ತಂದಿದ್ದ ಜಲಜಾಕ್ಷಿ ಪಕ್ಕದಲ್ಲಿದ್ದಳು. ಮೇಲಿನಿಂದ ಪ್ರಶ್ನೆ ಬಂತು. ಅಣ್ಣ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ಅವಳೇ ಪ್ರಾಣಭಯದಿಂದ ಕೂಗಿದಳು.

ಆದರೂ ಗಾಡಿ ಬಂತು...

ಮೂರನೆಯ ದಿನ ಆಸ್ಪತ್ರೆಯಲ್ಲಿ ಮಹಾಬಲ ತೀರಿಕೊಂಡ. "ನಾನು ದಾರಿ ಕೇಳಲಿಲ್ಲ, ಯಾರೂ ಕೂಗಲಿಲ್ಲ, ತಪ್ಪು ನನ್ನದೇ" ಎಂದು ಚಿತ್ತರಂಜನ ಪೊಲೀಸರಿಗೆ ಹೇಳಿಕೆ ಕೊಟ್ಟು ಎಂಟು ತಿಂಗಳು ಸೆರೆಗೆ ಹೋದ. ನೂರಾರು ಕಿರುಚಾಟಗಳ ನಡುವೆ ಗುರುತಿಸುವೆನೆಂದ ಸ್ವರವನ್ನು ಅವನು ಕೇಳಲೇ ಇಲ್ಲವೆಂದುಬಿಟ್ಟ! ಅಣ್ಣನ ಸಾವಿಗಿಂತ ಆ ಸುಳ್ಳೇ ಅವಳನ್ನು ಹೆಚ್ಚು ಸುಟ್ಟಿತ್ತು.

"ಇವತ್ತು ಎಲ್ಲರೂ ಇದ್ದಾರೆ," ಎಂದಳು ಜಲಜಾಕ್ಷಿ ಇದ್ದಕ್ಕಿದ್ದಂತೆ ಎದ್ದು. ನಗು ನಿಂತಿತು. "ಚಿತ್ತರಂಜನರೇ, ಹೇಳಿ. ಆ ದಿನ ನಾನು ಕೂಗಿದ್ದು ನಿಮಗೆ ಕೇಳಿಸಿತ್ತಾ, ಇಲ್ಲವಾ?"

"ಕೇಳಿಸಲಿಲ್ಲ."

"ಸುಳ್ಳು!"

"ನಾನು ದಾರಿಯೇ ಕೇಳಲಿಲ್ಲ. ಮತ್ತೆ ಉತ್ತರ ಎಲ್ಲಿಂದ ಕೇಳಿಸಬೇಕು? ಬಿಡಿ ಜಲಜಾ."

"ನೀನು ಎಂತ ಹೇಳುವುದು ಮಗಾ?" ಬೀಫಾತಿಮ್ಮ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. "ಆ ದಿನ ಗಾಡಿಯಲ್ಲಿ ಇದ್ದದ್ದು ನಾನಲ್ಲವಾ? ನೀನು 'ದಾರಿ ಉಂಟಾ' ಅಂತ ಕೇಳಿದ್ದಿ. ಒಳಗಿನಿಂದ ಉತ್ತರ ಬಂತು, ಮತ್ತೆ ತಳ್ಳಿದ್ದಿ."

"ಬೀಫಾತಿಮ್ಮಾ, ದಯಮಾಡಿ ಸುಮ್ಮನಿರಿ..." ಚಿತ್ತರಂಜನನ ಮುಖ ಬೂದಿಯಾಯಿತು.

"ಯಾಕೆ ಸುಮ್ಮನಿರಬೇಕು? ಪೊಲೀಸರು ಗಂಡಸರ ಹೇಳಿಕೆ ಬರೆದುಕೊಂಡು ಹೋದರು, ನನ್ನನ್ನು ಯಾರು ಕೇಳಿದ್ದಾರೆ? ಈ ಎರಡು ಕಿವಿಯಿಂದ ಕೇಳಿದ್ದೇನೆ ಮಗಳೇ. 'ಉಂಟು, ಉಂಟು' ಅಂತ. ಹೆಣ್ಣು ಸ್ವರ."

"ಅದು ನನ್ನ ಸ್ವರ," ಎಂದಳು ಜಲಜಾಕ್ಷಿ. "ಆದರೆ ನಾನು ಉಂಟು ಅನ್ನಲಿಲ್ಲ! ನಾನು..."

ಮಾತು ಅಲ್ಲಿಯೇ ಮುರಿಯಿತು.

ಭಯದಲ್ಲಿ ಬಾಯಿಗೆ ಬಂದದ್ದು ಗಾಡಿಯ ಕನ್ನಡವಲ್ಲ, ಮನೆಯ ತುಳು. ನಿಲ್ಲು ಎಂಬುದಕ್ಕೆ ಮನೆಯಲ್ಲಿ ಅನ್ನುತ್ತಿದ್ದ ಮಾತು. ಉಂತು... ಉಂತು!

ಒಂದು ಅಕ್ಷರ. ನಾಲಿಗೆಯ ತುದಿ ಹಲ್ಲಿಗೆ ತಾಗಿದರೆ ನಿಲ್ಲು; ಮೇಲೆ ಅಂಗುಳಿಗೆ ತಾಗಿದರೆ ದಾರಿ ಉಂಟು, ಬಾ. ಗುಡುಗಿನ ಸದ್ದಿಗೆಂದು ತಗಡು ಬಡಿಯುತ್ತಿದ್ದ ಆ ಕತ್ತಲಲ್ಲಿ, 'ಉಂಟು' ಅಥವಾ 'ಇಲ್ಲ' ಎಂಬ ಎರಡನ್ನೇ ಕಾಯುತ್ತಿದ್ದ ಕಿವಿಗೆ ಅದು ಇನ್ನೇನಾಗಿ ಕೇಳಿಸಬೇಕಿತ್ತು?

ಅವಳು ಯಾರನ್ನೂ ನೋಡದೆ ಕೆಳಗಿನ ಬಾಗಿಲಿನಿಂದ ಶೆಡ್ಡಿನೊಳಗೆ ನಡೆದಳು. ಕಜೆಟನ್‌ರು ತಡೆಯಹೋದರು, ಬೀಫಾತಿಮ್ಮ ಅವರ ತೋಳು ಹಿಡಿದು ನಿಲ್ಲಿಸಿದಳು.

ಕೊನೆಯ ತಿರುವು. ಗೋಡೆಯ ಸುಣ್ಣ ಅಲ್ಲೊಂದು ಕಡೆ ಮಾತ್ರ ಹೊಸದಾಗಿತ್ತು, ಏಳು ವರ್ಷದ ಹಿಂದೆ ಏನನ್ನೋ ಮುಚ್ಚಲು ಬಳಿದದ್ದು. ಅವಳು ಅದಕ್ಕೆ ಅಂಗೈಯಿಟ್ಟು ಕುಸಿದು ಕುಳಿತಳು.

"ಜಲಜಾ..."

ಮೇಲಿನ ಬಾಗಿಲಿನಿಂದ ಸ್ವರ ಉರುಳಿ ಬಂತು. ಅವನು ಒಳಗೆ ಕಾಲಿಟ್ಟಿರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

"ನಿಮಗೆ ಯಾವಾಗ ಗೊತ್ತಾಯಿತು?" ಎಂದಳು ಕತ್ತಲನ್ನೇ ನೋಡುತ್ತ.

"ಆಸ್ಪತ್ರೆಯ ವರಾಂಡದಲ್ಲಿ. ನೀವು ಅಮ್ಮನ ಹತ್ತಿರ ಹೇಳ್ತಾ ಇದ್ದಿರಿ, 'ಉಂತು ಉಂತು' ಎಂದು ಬೊಬ್ಬೆ ಹಾಕಿದೆ ಅಂತ. ಕೇಳಿದಾಗ ನನ್ನ ಕಾಲಿನ ಕೆಳಗೆ ನೆಲ ಇರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ಜೈಲಿಗೆ ಯಾಕೆ ಹೋದಿರಿ?"

"ಹೇಳಿದರೆ ಕೋರ್ಟಿನಲ್ಲಿ ನಿಮ್ಮನ್ನು ನಿಲ್ಲಿಸಿ ಕೇಳ್ತಿದ್ದರು, ಯಾವ ಮಾತು ಹೇಳಿದ್ದಿ ಅಂತ. ನನ್ನನ್ನು ದ್ವೇಷ ಮಾಡಿಕೊಂಡು ನೀವು ಬದುಕಬಹುದು ಜಲಜಾ. ನಿಮ್ಮನ್ನೇ ನೀವು ದ್ವೇಷ ಮಾಡಿಕೊಂಡು ಬದುಕಲಿಕ್ಕೆ ಆಗ್ತದಾ?"

ಅವಳ ಗಂಟಲಿನಿಂದ ಒಂದು ಸ್ವರ ಹೊರಟಿತು. ಅದು ಅಳುವಾಗಿರಲಿಲ್ಲ.

"ಹಾಗಾದರೆ ಅಣ್ಣನನ್ನು ಕೊಂದದ್ದು ನಾನು."

"ಅಲ್ಲ! ತಳ್ಳಿದ್ದು ನನ್ನ ಕೈ." ಅವನು ಬಾಗಿಲ ಚೌಕಟ್ಟಿಗೆ ಒರಗಿದ. "ಯಾರಿಗೂ ಹೇಳದ್ದು ಒಂದು ಉಂಟು. ಮಹಾಬಲ ಕೂಗಬೇಕಾದಲ್ಲಿ ನಿಮ್ಮ ಸ್ವರ ಬಂತಲ್ಲ, ಅದು ನಿಮ್ಮದೇ ಅಂತ ಗೊತ್ತಾಯಿತು. ಇವಳು ಯಾಕೆ ಒಳಗೆ ಇದ್ದಾಳೆ, ಇವಳು ಯಾಕೆ ಕೂಗ್ತಾಳೆ ಅಂತ ನಾನು ಒಂದು ಕ್ಷಣ ನಿಂತು ಕೇಳಬೇಕಿತ್ತು. ಕೇಳಲಿಲ್ಲ. ನನಗೆ... ಖುಷಿಯಾಯಿತು. ನಗ್ತಾ ತಳ್ಳಿದೆ, ಜಲಜಾ. ಎಂಟು ತಿಂಗಳು ಜೈಲಿನಲ್ಲಿ ಇದ್ದದ್ದು ಆ ನಗುವಿಗೆ."

ಹೊರಗೆ ಯಾರೋ ಮೂಗೆಳೆದುಕೊಂಡರು. ಹೊಳೆಯ ಕಡೆಯಿಂದ ಬಂದ ಗಾಳಿಗೆ ಮಾಡಿನಲ್ಲಿ ನೇತಾಡುತ್ತಿದ್ದ ಒಣಗಿದ ನೂಲಿನ ಎಳೆಗಳು ಅವಳ ಕೆನ್ನೆ ಸವರಿದವು.

ಅಣ್ಣಾ, ನನಗೆ ನಿನ್ನ ಸ್ವರ ಮರೆತೇಹೋಯಿತು. ಆದರೆ ಇವನು ನನ್ನ ಸ್ವರವನ್ನು ಏಳು ವರ್ಷ ಹೊತ್ತುಕೊಂಡು ತಿರುಗಿದ... ಈ ಭಾರವನ್ನು ಇನ್ನು ನಾನೊಬ್ಬಳೇ ಹೇಗೆ ಹೊರಲಿ?

"ನಾನು ಹೋಗ್ತೇನೆ," ಎಂದ ಚಿತ್ತರಂಜನ. "ನಾನು ಇಲ್ಲಿಗೆ ಬರಲೇಬಾರದಿತ್ತು. ನಿಮಗೆ ಗೊತ್ತಾಗದೆ ಇರಲಿ ಎನ್ನುವುದೊಂದೇ ನನ್ನ ಆಸೆ ಇದ್ದದ್ದು. ಅದೂ ಹೋಯಿತು."

ಮೇಲಿನ ಬಾಗಿಲಾಚೆಯ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಒಂದು... ಎರಡು...

"ಉಂತುಲೆ!"

ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಆ ತುಳು ಮಾತು ಓಡಿತು. ಹೆಜ್ಜೆ ನಿಂತಿತು.

"ಈಗ ಎಂತ ಕೇಳಿಸಿತು?" ಎಂದಳು ಜಲಜಾಕ್ಷಿ.

"ನಿಲ್ಲಿ ಅಂತ ಕೇಳಿಸಿತು."

"ಸರಿಯಾಗಿ ಕೇಳಿಸಿತಾ?"

"ಸರಿಯಾಗಿ ಕೇಳಿಸಿತು ಜಲಜಾ."

"ಹಾಗಾದರೆ ನಿಲ್ಲಿ."

ಅವನು ನಿಂತ. ನಾಳೆ ಬೀಳಲಿರುವ ಆ ಗೋಡೆಯ ಮೇಲೆ ಅವಳ ಅಂಗೈ ಇನ್ನೂ ಇತ್ತು. ಕ್ಷಮೆಯೆಂಬ ಮಾತು ಯಾರ ನಾಲಿಗೆಗೂ ಬರಲಿಲ್ಲ. ಅದನ್ನು ಕೊಡಬಲ್ಲವನು ಇಬ್ಬರ ನಡುವೆ ಇರಲಿಲ್ಲ.

ಕೊನೆಗೆ ಮೇಲಿನಿಂದ, ಅಂಜುತ್ತಂಜುತ್ತ, ಆ ಹಳೆಯ ಪ್ರಶ್ನೆ ಬಂತು.

"ದಾರಿ... ಉಂಟಾ?"

ಜಲಜಾಕ್ಷಿ ಕಣ್ಣು ಮುಚ್ಚಲಿಲ್ಲ. ನಾಲಿಗೆಯನ್ನು ಮೇಲಕ್ಕೆ ಮಡಚಿ, ಟಕಾರವನ್ನು ಒತ್ತಿ, ಯಾವ ಕಿವಿಗೂ ಇನ್ನು ತಪ್ಪದಂತೆ ಹೇಳಿದಳು.

"ಉಂಟು."

ಮತ್ತೆ ಮೆಲ್ಲಗೆ ಸೇರಿಸಿದಳು: "ನಿಧಾನ ಬನ್ನಿ. ಹಳಿಯ ಮೇಲೆ ನಾನಿದ್ದೇನೆ."