ಸ್ಕ್ಯಾನರ್‌ಗೆ ಕಾಣದ ಯಂತ್ರ

ಕಬ್ಬಿಣದ ರಾಡು ನನ್ನ ಲ್ಯಾಪ್‌ಟಾಪಿನ ಪಕ್ಕಕ್ಕೇ ಬಿತ್ತು. ಮೇಜಿನ ಗಾಜು ಪುಡಿಯಾಯಿತು.

"ಮುಂದಿನ್ ಏಟು ನಿನ್ ಕೈಗೆ," ಎಂದ ಆಂಜಿನಪ್ಪ. "ಇವ್ಳೇ ಅಂತ ಏಳ್ಬಿಡು. ಪೊಲೀಸ್‌ಗೆ ಕೊಟ್ಟು ಕೈ ತೊಳ್ಕಂತೀನಿ."

ಕೋಗಿಲು ಬಡಾವಣೆಯಲ್ಲಿ ಅವನ ಬಿಲ್ಡರ್ ಆಫೀಸು. ಅಲ್ಲಿನ ಫೈಲುಗಳು ಎದುರಾಳಿ ಬಿಲ್ಡರ್‌ಗೆ ಸೋರುತ್ತಿದ್ದವು. 'ಇವ್ಳು' ಅಂದರೆ ಅಕೌಂಟೆಂಟ್ ಗಜಾಲಾ. ಫೋನ್ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸಿದ್ದರು.

"ನಾನಲ್ಲ ಸರ್," ಎಂದಳು. ಅಳಲಿಲ್ಲ.

ಸೋರುವ ಜಾಗ ಹುಡುಕುವುದು ನನ್ನ ಕಸುಬು. ನೆಟ್‌ವರ್ಕಿಗೆ ಸೇರಿದ ಪ್ರತಿ ಯಂತ್ರವನ್ನೂ ನನ್ನ ಲ್ಯಾಪ್‌ಟಾಪಿನ ಸ್ಕ್ಯಾನರ್ ಪ್ರೋಗ್ರಾಂ ಪತ್ತೆ ಹಚ್ಚಬೇಕು. ಅದು ತೋರಿಸಿದ್ದು ಆಫೀಸಿನ ಕಂಪ್ಯೂಟರುಗಳು, ಒಂದು ಪ್ರಿಂಟರ್. ಹೊರಗಿನದು ಯಾವುದೂ ಇಲ್ಲ.

"ಒಳಗಿನವರದ್ದೇ ಕೆಲಸ ಮಗಾ," ಎಂದ ಯೋಗಾನಂದ. ನನ್ನ ಪಾರ್ಟ್‌ನರ್. ಈ ಕೇಸು ತಂದವನೂ ಅವನೇ. "ಅವ್ಳ ಹೆಸ್ರು ಬರ್ಕೊಟ್ಬಿಡು, ಹೋಗಣ."

ಕೇಬಲ್‌ಗಳು ಸೇರುವ ಪೆಟ್ಟಿಗೆಯನ್ನು ನೋಡಿದೆ. ಯಂತ್ರಕ್ಕೊಂದು ದೀಪ; ಮಿನುಗುತ್ತಿದ್ದವು ಪರದೆ ತೋರಿಸಿದ ಯಂತ್ರಗಳಿಗಿಂತ ಒಂದು ಹೆಚ್ಚು.

ಸ್ಕ್ಯಾನರ್ ಸುಳ್ಳು ಹೇಳುತ್ತಿತ್ತು.

ಬರೆದವರ ತಾಣದಿಂದಲೇ ಅದರ ಸೋರ್ಸ್ ಕೋಡ್, ಪ್ರೋಗ್ರಾಮಿನ ಮೂಲ ಬರಹ, ಇಳಿಸಿಕೊಂಡೆ. ಡಿಜಿಟಲ್ ಸಹಿ ಪರೀಕ್ಷಿಸಿದೆ. ಈ ಕೋಡ್ ಅಸಲಿ.

"ಏನ್ ಮಾಡ್ತಿದ್ಯಾ?" ಯೋಗಾನಂದನ ದನಿ ತೆಳುವಾಗಿತ್ತು.

"ಸ್ಕ್ಯಾನರ್‌ನ ನಾನೇ ಕಟ್ಕೊತೀನಿ."

"ಲಿನಕ್ಸಲ್ಲಿ ರೆಡಿ ಸಿಗುತ್ತಲ್ಲೋ ಮಚ್ಚಾ. ಸಾಹೇಬ್ರಿಗೆ ಮನೆ ಊಟನೇ ಬೇಕಾ?"

ಕೋಡನ್ನು ಪ್ರೋಗ್ರಾಂ ಆಗಿಸುವ ಆಜ್ಞೆಗಳನ್ನು ಕೊಟ್ಟೆ: ಕಾನ್ಫಿಗರ್. ಮೇಕ್. ಪರದೆ ತುಂಬ ಸಾಲುಗಳು ಓಡಿದವು.

"ಅದೇನಯ್ಯಾ ಬೇಯ್ತಾ ಐತೆ?" ಎಂದ ಆಂಜಿನಪ್ಪ.

"ಬೆಂದ್ಮೇಲೆ ಹೇಳ್ತೀನಿ."

ಮೇಕ್ ಇನ್‌ಸ್ಟಾಲ್. ಓಡಿಸಿದೆ.

ಅದೇ ಫಲಿತಾಂಶ.

ರಾಡು ಮೇಲೆದ್ದಿತು. ಗಜಾಲಾ ಕಣ್ಣು ಮುಚ್ಚಿದಳು.

ಆಗ ಹೊಳೆಯಿತು. ಒಮ್ಮೆ ಓಡಿಸಿದ ಪ್ರೋಗ್ರಾಂ ಎಲ್ಲಿದೆ ಎಂದು ನನ್ನ ಲ್ಯಾಪ್‌ಟಾಪ್ ನಡೆಸುವ ಲಿನಕ್ಸ್ ನೆನಪಿಟ್ಟುಕೊಳ್ಳುತ್ತದೆ. ಹೊಸದು ಕೂತದ್ದು ಬೇರೆ ಫೋಲ್ಡರಿನಲ್ಲಿ. ನಾನು ಹೆಸರು ಹಿಡಿದು ಕರೆದಾಗ ಓಗೊಟ್ಟಿದ್ದು ಹಳೆಯದೇ.

ಈ ಸಲ ಫೋಲ್ಡರಿನ ಪೂರ್ತಿ ವಿಳಾಸ ಟೈಪ್ ಮಾಡಿದೆ.

ಪರದೆಯ ಮೇಲೆ ಹೊಸದೊಂದು ಯಂತ್ರ ಎದ್ದು ಬಂತು.

ಹೆಚ್ಚಿನ ದೀಪದ ಕೇಬಲ್ ಹಿಡಿದು ಹೋದೆವು. ಫಾಲ್ಸ್ ಸೀಲಿಂಗ್ ಮೇಲೆ ಅಂಗೈಯಗಲದ ಕಂಪ್ಯೂಟರ್, ಫೈಲುಗಳನ್ನು ಹೊರಗೆ ಕಳಿಸುತ್ತ ಕೂತಿತ್ತು. ಅದೊಂದನ್ನೇ ಮುಚ್ಚಿಡುವಂತೆ ನನ್ನ ಹಳೆಯ ಸ್ಕ್ಯಾನರ್ ಅನ್ನು ತಿದ್ದಲಾಗಿತ್ತು. ಆ ಸ್ಕ್ಯಾನರ್ ಅನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟವನು ಯೋಗಾನಂದ. ಫೈಲು ಕದ್ದು ಮಾರುತ್ತಿದ್ದವನೂ ಅವನೇ; ನನ್ನ ಬಾಯಿಂದ ಗಜಾಲಾಳ ಹೆಸರು ಹೇಳಿಸಲೆಂದೇ ಇಲ್ಲಿಗೆ ಕರೆತಂದಿದ್ದ.

"ನಾನೇ ಯಾಕೋ?"

"ಬೇರೆಯವ್ರಾಗಿದ್ರೆ ಚೆಕ್ ಮಾಡೋರು," ಎಂದ. "ನೀನು ನನ್ನ ನಂಬ್ತಿದ್ದೆ ಮಚ್ಚಾ."

ಆಂಜಿನಪ್ಪ ಬಾಗಿಲಿನ ಚಿಲಕ ಹಾಕಿದ. ಗಜಾಲಾಳ ಫೋನ್ ವಾಪಸ್ ಕೊಟ್ಟ. "ತಪ್ಪಾಯ್ತು ಕಣಮ್ಮ."

ಅವಳು ಪೊಲೀಸರಿಗೆ ಕರೆ ಮಾಡಿದಳು.

"ಒಳ್ಳೆ ಲಾಯರ್ ಯಾರಾದ್ರೂ ಗೊತ್ತಾ ಮಗಾ?" ಯೋಗಾನಂದ ಪಿಸುಗುಟ್ಟಿದ.

"ಗೊತ್ತು," ಎಂದೆ. "ಆದ್ರೆ ಫ್ರೆಂಡ್ ಹೇಳ್ದ ಅಂತ ಯಾರನ್ನೂ ನಂಬಬೇಡ."