ಆಯುಧಪೂಜೆಯ ದಿನ ಅರಚಿದ ಚೈನ್‌ಸಾ

ರಮಾಮಣಿ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ದೇವಸ್ಥಾನದಿಂದ ಬಂದು ಕಾರಿನಲ್ಲಿ ಕೂತೇ ರಿಮೋಟ್ ಒತ್ತಿದರು. ಗ್ಯಾರೇಜ್ ಬಾಗಿಲು ಮೇಲೆದ್ದಿತು. ಹೊರಬಂದ ಹೊಗೆ ಎಂಥದ್ದು ಅಂತೀರಿ! ನೆವಾರ್ಕಿನಲ್ಲಿ ಇಳಿಯಬೇಕಿದ್ದ ವಿಮಾನಗಳು ದಾರಿ ತಪ್ಪಿ ಫಿಲಡೆಲ್ಫಿಯಾ ಸೇರಿದವು ಎಂದರೂ ನಂಬಬೇಕು. ಒಳಗೆ ಅವರ ಗಂಡ ಕೃಷ್ಣಸ್ವಾಮಿ ಅಂಗಾತ ಬಿದ್ದಿದ್ದರು. ಪಕ್ಕದಲ್ಲಿ ಅವರ ಮರ ಕೊಯ್ಯುವ ಚೈನ್‌ಸಾ. ಉಸಿರಿರಲಿಲ್ಲ.

ಡಾಕ್ಟರು ಹೇಳಿದ್ದು ಒಂದೇ ಮಾತು: ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿದೆ.

* * *

ಮರುದಿನ ಆ ಚೈನ್‌ಸಾ ಸಮರ್‌ಸೆಟ್ಟಿನ ಆಫೀಸಿಗೆ, ಗಗನಾಳ ಮೇಜಿಗೆ ಬಂತು.

ಗಗನಾ ಅದನ್ನು ಮಾರಿದ ಕಂಪನಿಯ ಎಮಿಷನ್ ವಾರಂಟಿ ಪರೀಕ್ಷಕಿ. ಹೊಗೆಗೆ ಸಂಬಂಧಿಸಿದ ಭಾಗ ಎರಡು ವರ್ಷದೊಳಗೆ ತಾನಾಗಿ ಕೆಟ್ಟರೆ ಕಂಪನಿ ಪುಕ್ಕಟೆ ಸರಿಮಾಡಿಕೊಡುತ್ತದೆ. ಯಾರಾದರೂ ಕೈಯಾಡಿಸಿದ್ದರೆ ಒಂದು ಸ್ಕ್ರೂ ಕೂಡ ಇಲ್ಲ. ಎರಡರಲ್ಲಿ ಯಾವುದೆಂದು ತೀರ್ಮಾನಿಸುವವಳು ಗಗನಾ. ಮಫ್ಲರ್, ಅಂದರೆ ಸೈಲೆನ್ಸರ್, ಮೂಸಿದರೆ ಸಾಕು, ಮಾಲೀಕ ಬೆಳಿಗ್ಗೆ ಉಪ್ಪಿಟ್ಟು ತಿಂದನೋ ಬೇಗಲ್ ತಿಂದನೋ ಹೇಳುತ್ತಾಳೆ. ಸುಳ್ಳಲ್ಲ. ಇದ್ದರೂ ಸಾಸಿವೆಯಷ್ಟು.

ಹೋದ ವಾರ ಸ್ವಂತ ತಮ್ಮನ ಕ್ಲೇಮನ್ನೇ ತಿರಸ್ಕರಿಸಿದ್ದಳು. ಆಕರ್ಷ್ ಮರ ಕಡಿಯುವ, ಚೈನ್‌ಸಾ ರಿಪೇರಿ ಮಾಡುವ ಕೆಲಸದವನು. ‘ಪವರ್ ಬರ್ತಿಲ್ಲ’ ಎಂದು ತನ್ನದನ್ನು ಕಳಿಸಿದ್ದ. ನೋಡಿದರೆ, ಹೊಗೆ ಶುದ್ಧಿ ಮಾಡುವ ಭಾಗವನ್ನೇ ಮಫ್ಲರಿನಿಂದ ಕಿತ್ತೆಸೆದಿದ್ದಾನೆ! ಗಗನಾ ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಿದಳು.

ಪೊಲೀಸ್ ಡಿಟೆಕ್ಟಿವ್ ಮರ್ಫಿ ಎದುರಿಗೆ ಕೂತ. “ಇದರ ಮೇಲಿನ ಕೆಂಪು ರಕ್ತ ಅಂದುಕೊಂಡಿದ್ದೆ. ಲ್ಯಾಬಿನವರು ಅರಿಶಿನ ಅಂದರು.”

“ಕುಂಕುಮ. ನಿನ್ನೆ ನಮಗೆ ಹಬ್ಬ.”

“ಸರಿ. ಚೈನ್‌ಸಾದಲ್ಲೇ ದೋಷವಿದ್ದರೆ ನಿಮ್ಮ ಕಂಪನಿಯ ತಲೆಗೆ. ಯಾರಾದರೂ ಕೈಯಾಡಿಸಿದ್ದರೆ ಸರ್ವಿಸ್ ಮಾಡಿದವನ ತಲೆಗೆ. ಹೋದ ತಿಂಗಳು ಮಾಡಿದವನು ಆಕರ್ಷ್ ಅಂತೆ. ಅವನಿಗೆ ಜೈಲೇ.”

ಗಗನಾ ಚೈನ್‌ಸಾವನ್ನು ತನ್ನತ್ತ ಎಳೆದುಕೊಂಡಳು. ತಮ್ಮನೆಂದು ಬಾಯಿ ಬಿಡಲಿಲ್ಲ.

* * *

ಮೊದಲ ಅನುಮಾನ ಪಕ್ಕದ ಮನೆಯ ಸುಮೀತನ ಮೇಲೆ. ಧಾರವಾಡದವನು. ಬೇಲಿ ಮೇಲೆ ಬಾಗಿದ ಮೇಪಲ್ ಮರಕ್ಕಾಗಿ ಕೃಷ್ಣಸ್ವಾಮಿಯ ಜೊತೆ ಅವನು ಆಡಿದ ಜಗಳಕ್ಕೆ ಹೋಲಿಸಿದರೆ ಕುರುಕ್ಷೇತ್ರ ಮಕ್ಕಳಾಟ.

“ನಾ ಏನ್ ಅವರನ್ನ ಕೊಂದೇನ್ರೀ?” ಸುಮೀತ ಕಣ್ಣು ಕೆಂಪಗೆ ಮಾಡಿದ. “ಜಗಳ ಆಡಿದ್ರೂ ಯುಗಾದಿಗೆ ಹೋಳಿಗಿ ಕೊಟ್ಟು ಕಳಸ್ತಿದ್ರು ಅವರು!”

“ನಿನ್ನೆ ಎಲ್ಲಿದ್ರಿ?” ಮರ್ಫಿಯ ಜೊತೆ ಬಂದಿದ್ದ ಗಗನಾ ಕೇಳಿದಳು.

“ಮನ್ಯಾಗ, ಆಫೀಸ್ ಮೀಟಿಂಗಿನ್ಯಾಗ. ಏನ್ ಸಪ್ಪಳ ಅಂತೀರಿ! ಮುಚ್ಚಿದ ಗ್ಯಾರೇಜಿನ್ಯಾಗಿಂದ ಸೈಲೆನ್ಸರ್ ಕಿತ್ತ ಬುಲೆಟ್ ಗಾಡಿ ಬಂದಂಗ. ಮೂರೂ ಹತ್ತಕ್ಕ ಟೌನ್‌ಶಿಪ್ಪಿಗೆ ಕಂಪ್ಲೇಂಟ್ ಕೊಟ್ಟೇನಿ, ರೆಕಾರ್ಡ್ ಐತಿ ನೋಡ್ರಿ. ನಾಕಕ್ಕ ನಿಂತ್ತು.”

“ಮೊದಲೂ ಅಷ್ಟೇ ಸಪ್ಪಳ ಇತ್ತಾ?”

“ಇಲ್ರೀ. ಅಜ್ಜಾರ್ ಮಷೀನು ಸಣ್ಣಗ ಗುರ್ ಅಂತಿತ್ತು ಅಷ್ಟ.”

ಮರ್ಫಿ ರೆಕಾರ್ಡ್ ನೋಡಿದ. ಮೂರೂ ಹತ್ತರ ಕಂಪ್ಲೇಂಟೂ ಇತ್ತು, ನಾಲ್ಕೂವರೆಯವರೆಗಿನ ಮೀಟಿಂಗಿನ ವೀಡಿಯೊದಲ್ಲಿ ಸುಮೀತನ ಮುಖವೂ ಇತ್ತು.

* * *

ಗಗನಾ ಚೈನ್‌ಸಾ ಬಿಚ್ಚಿದಳು. ಕಾರ್ಬ್ಯುರೇಟರಿನ ಸೀಲು ಭದ್ರ. ಮಫ್ಲರಿನೊಳಗೆ ಎಲ್ಲವೂ ಇದ್ದಲ್ಲೇ ಇದೆ. ಆಕರ್ಷ್ ಒಂದು ಕೂದಲಿನಷ್ಟೂ ಕೈಯಾಡಿಸಿಲ್ಲ.

ತಮ್ಮ ಬದುಕಿದ! ಆ ಕ್ಷಣ ಅವಳಿಗಾದ ಸಂತೋಷವನ್ನು ಹಂಚಿದ್ದರೆ ಇಡೀ ನ್ಯೂಜೆರ್ಸಿಗೆ ಹಂಚಿ ಕ್ವೀನ್ಸಿಗೂ ಮಿಗುತ್ತಿತ್ತು. ಫೋನ್ ಎತ್ತಿದಳು. ರಿಂಗಾಗುತ್ತಿದ್ದಾಗ ಮಫ್ಲರಿನ ಹೊರಮೈ ಕಣ್ಣಿಗೆ ಬಿತ್ತು.

ಅಲ್ಲಿ ಗಂಧದ ಬೊಟ್ಟು. ಬೆಳ್ಳಗೆ, ತಣ್ಣಗೆ, ಈಗ ಹಚ್ಚಿದ ಹಾಗೆ. ಎಂಜಿನ್ ಹತ್ತು ನಿಮಿಷ ಓಡಿದರೆ ಆ ಜಾಗ ದೋಸೆ ಹೆಂಚಾಗುತ್ತದೆ. ಗಂಧ ಕರಕಲಾಗಬೇಕಿತ್ತು. ಸ್ಟಾರ್ಟ್ ಮಾಡಲು ಎಳೆಯುವ ಹಗ್ಗದ ಹಿಡಿಗೆ ಸುತ್ತಿದ ಚೆಂಡುಹೂವಿನ ಒಂದು ಎಸಳೂ ಉದುರಿರಲಿಲ್ಲ.

“ಏನಕ್ಕ?” ಆಕರ್ಷ್ ಫೋನ್ ತೆಗೆದ.

ಗಗನಾ ಫೋನ್ ಕಟ್ ಮಾಡಿದಳು.

* * *

ಮೂರನೆಯ ದಿನ. ರಮಾಮಣಿಯವರ ಮನೆ. ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದವನು ಆಕರ್ಷ್. ಅಕ್ಕನನ್ನು ಅಡುಗೆಮನೆಗೆ ಎಳೆದ.

“ಕಾರ್ಬ್ಯುರೇಟರ್ ಡಿಫೆಕ್ಟ್ ಅಂತ ಬರೆದುಬಿಡು. ವಾರಂಟಿಲಿ ಹೋಗುತ್ತೆ. ಇನ್ಶೂರೆನ್ಸ್ ಕಂಪನಿ ಆಂಟಿಗೆ ದುಡ್ಡು ಕೊಡುತ್ತೆ. ಯಾರಿಗೂ ಏನೂ ಆಗಲ್ಲ.”

“ನಿನ್ನ ಸರ್ವಿಸ್ ಸರಿಯಾಗೇ ಇತ್ತು ಕಣೋ. ಮತ್ತೆ ಯಾಕೋ ಇಷ್ಟು ಹೆದರ್ತೀಯ?”

ಆಕರ್ಷ್ ಕಾಫಿ ಲೋಟ ಎತ್ತಿಕೊಂಡು ಹಾಲಿಗೆ ನಡೆದ. ಗಗನಾ ಹೊರಬಂದಳು. ಹಾಲಿನಲ್ಲಿ ಮರ್ಫಿ ಕಾದಿದ್ದ.

“ಆಂಟಿ, ಪೂಜೆ ಮಾಡಿದ್ದು ಎಷ್ಟು ಹೊತ್ತಿಗೆ?” ಗಗನಾ ರಮಾಮಣಿಯನ್ನು ಕೇಳಿದಳು.

“ಬೆಳಿಗ್ಗೆ ಹತ್ತಕ್ಕೆ. ನಾನೇ ಆರತಿ ಎತ್ತಿದ್ದು. ಆಮೇಲೆ ಇವರು ಈಳಿಗೆಮಣೇನೂ ಮುಟ್ಟಕ್ಕೆ ಬಿಡಲಿಲ್ಲ, ಹುಳಿಗೆ ತರಕಾರಿ ಕೈಯಲ್ಲೇ ಮುರಿದೆ.”

“ಕೇಳಿದಿರಾ ಮರ್ಫಿ? ನಮ್ಮಲ್ಲಿ ಆಯುಧಪೂಜೆಯ ದಿನ ಪೂಜೆಗಿಟ್ಟ ಆಯುಧ ಮುಟ್ಟುವುದಿಲ್ಲ. ಅಂಕಲ್ಲೂ ಮುಟ್ಟಿಲ್ಲ. ಗಂಧ ಸುಟ್ಟಿಲ್ಲ, ಹೂವು ಉದುರಿಲ್ಲ. ಈ ಚೈನ್‌ಸಾ ಆಮೇಲೆ ಓಡಿಯೇ ಇಲ್ಲ. ಓಡಿದ್ದು ಇನ್ನೊಂದು. ಸೈಲೆನ್ಸರ್ ಕಿತ್ತಂತೆ ಅರಚುವಂಥದ್ದು. ಅಂಥದ್ದೊಂದನ್ನು ಹೋದ ವಾರ ನಾನೇ ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಿದ್ದೆ.” ಅವಳ ದನಿ ಒಡೆಯಿತು. “ನನ್ನ ತಮ್ಮನಿಗೆ.”

ಆಕರ್ಷನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು.

“ಹಬ್ಬದ ಮರುದಿನ ಮೇಪಲ್ ಕಡಿಯೋಕೆ ಅಂಕಲ್ಲೇ ಕರೆದಿದ್ರು. ನಾನು ಹಬ್ಬದ ದಿನಾನೇ ನನ್ನ ಮಷೀನ್ ತಗೊಂಡು ಬಂದೆ,” ಎಂದ. “ಇವತ್ತು ಬೇಡ ಕಣೋ ಅಂದ್ರು. ನಂದಕ್ಕೆ ಪೂಜೆ ಗೀಜೆ ಏನಿಲ್ಲ ಅಂಕಲ್, ಬರೀ ಟ್ಯೂನ್ ಮಾಡ್ತೀನಿ ಅಂದೆ. ಸುಮೀತ್ ಕಂಪ್ಲೇಂಟ್ ಮಾಡ್ತಾರೆ ಅಂತ ಬಾಗಿಲು ಹಾಕಿದೆ. ಕಸ್ಟಮರ್ ಫೋನ್ ಬಂತು. ಆಫ್ ಮಾಡ್ಲಿಲ್ಲ, ಚೈನ್ ಬ್ರೇಕ್ ಹಾಕಿ, ನೋಡ್ಕೊಳ್ಳಿ ಅಂಕಲ್ ಅಂತ ಸೈಡ್ ಡೋರಿಂದ ಹೊರಗೆ ಹೋದೆ. ಅರ್ಧ ಗಂಟೆ. ವಾಪಸ್ ಬಂದಾಗ ಬಿದ್ದಿದ್ರು.”

“ನೈನ್ ಒನ್ ಒನ್ ಮಾಡಿ ಆಂಬ್ಯುಲೆನ್ಸ್ ಕರೀಬಾರದಿತ್ತೇನೋ?” ಗಗನಾ ಕೇಳಿದಳು.

“ನಂಗೆ ಇನ್ಶೂರೆನ್ಸ್ ಇಲ್ಲ. ಗ್ರೀನ್ ಕಾರ್ಡ್ ಬಂದಿಲ್ಲ. ಹೆದರಿಕೆ ಆಯ್ತು. ಅಂಕಲ್ ಚೈನ್‌ಸಾನ ಪಕ್ಕದಲ್ಲಿಟ್ಟು, ನಂದು ತಗೊಂಡು ಹೋದೆ.” ಅಕ್ಕನತ್ತ ತಿರುಗಿದ. “ನೀನು ಆ ಕ್ಲೇಮ್ ಪಾಸ್ ಮಾಡಿದ್ದಿದ್ರೆ ನಾನು ಟ್ಯೂನ್ ಮಾಡೋಕೆ ಯಾಕೆ ಹೋಗ್ತಿದ್ದೆ? ಬರೀ ಒಂದು ಸಹಿ ಅಕ್ಕ!”

ಮರ್ಫಿ ಮೆಲ್ಲಗೆ ಎದ್ದು ಬೇಡಿ ತೆಗೆದ.

ರಮಾಮಣಿ ಆಕರ್ಷನ ಹತ್ತಿರ ಬಂದರು. ಬೈಯಲಿಲ್ಲ, ಹೊಡೆಯಲಿಲ್ಲ.

“ನೀನು ನೋಡಿದಾಗ ಇವರಿಗೆ ಉಸಿರಿತ್ತಾ ಮಗು?”

ಆಕರ್ಷ್ ತಲೆ ತಗ್ಗಿಸಿ, ಹೂಂ ಎಂದ.

ಅವರು ಗಗನಾಳತ್ತ ತಿರುಗಿದರು. “ನಿಂಗೆ ಈ ಹೊಗೆ ವಿಷಯ ಎಲ್ಲ ಗೊತ್ತಲ್ಲಮ್ಮ. ಇವನು ಗ್ಯಾರೇಜ್ ಬಾಗಿಲು ಒಂದು ತೆಗೆದಿಟ್ಟು ಹೋಗಿದ್ರೆ?”

ಗಗನಾಳಿಗೆ ಸುಳ್ಳು ಹೇಳಬೇಕೆನಿಸಿತು. ಜೀವಮಾನದಲ್ಲಿ ಮೊದಲ ಸಲ, ಒಂದೇ ಒಂದು ಸುಳ್ಳು. ತಮ್ಮ ಅವಳನ್ನೇ ನೋಡುತ್ತಿದ್ದ.

“ಬದುಕ್ತಿದ್ರು ಆಂಟಿ,” ಎಂದಳು.